ಸಾಹುಕಾರರ ಗೊರಬಲು ಟೈರು

ಮೊನ್ನೆ ದಾವಣಗೆರೆಯಲ್ಲಿ ಟೈರಿನ ಅಂಗಡಿಯವನೊಬ್ಬ ನನ್ನ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಗೀರಿನೊಳಗೆ ಒಂದು ನಾಣ್ಯ ತೂರಿಸಿ ನೋಡಿದ. ತಲೆಯಾಡಿಸಿದ. ಆಮೇಲೆ ಟೈರಿನ ಪಕ್ಕೆಗೆ ಟಾರ್ಚ್ ಬಿಟ್ಟು ನಿಟ್ಟುಸಿರುಗರೆದ. ಡಾಕ್ಟರು ಎಕ್ಸ್-ರೇ ನೋಡಿ ಮನೆಯವರನ್ನು ಪಕ್ಕಕ್ಕೆ ಕರೆಯುತ್ತಾರಲ್ಲ, ಅದೇ ಮುಖ.

"ನಾಲ್ಕೂ ಚೇಂಜ್ ಮಾಡ್ಬೇಕು ಸರ್."

"ಯಾಕಪ್ಪಾ? ಗೀರು ಇನ್ನೂ ಹಂಗೇ ಐತಲ್ಲ."

"ಗೀರು ಐತೆ ಸರ್, ವಯಸ್ಸಾಗೈತೆ. ಇಲ್ನೋಡ್ರಿ, ಹುಟ್ಟಿದ ವರ್ಷ ಪಕ್ಕೇಲೇ ಒತ್ತಿರ್ತಾರೆ. ಐದಾರು ವರ್ಷ ಆತು ಅಂದ್ರೆ ಓಡಿದ್ರೂ ಅಷ್ಟೇ, ಮನ್ಯಾಗೆ ನಿಂತಿದ್ರೂ ಅಷ್ಟೇ. ರಬ್ಬರ್ ಬಿರುಸಾಗಿ ಸಣ್ಣಗೆ ಬಿರುಕು ಬಿಡ್ತೈತೆ. ಮಳ್ಯಾಗೆ ಬ್ರೇಕ್ ಹಿಡಿಯಲ್ಲ ನೋಡ್ರಿ."

ಸವೆಯದೆಯೇ ವಯಸ್ಸಾಗುವುದು! ಸರ್ಕಾರಿ ಕಚೇರಿಯಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ನಿಂತಲ್ಲೇ ನಿಂತು, ಒಂದು ಗೀರೂ ಅಳಿಯದೆ, ಪಕ್ಕೆಯಲ್ಲಷ್ಟೇ ಬಿರುಕು ಬಿಟ್ಟು ನಿವೃತ್ತರಾದವರು. ನಾವು ಅವರಿಗೆಲ್ಲ ಹಾರ ಹಾಕಿ, ಶಾಲು ಹೊದಿಸಿ, 'ಅವಿರತ ದುಡಿಮೆ' ಎಂದು ಭಾಷಣ ಮಾಡಿ ಕಳಿಸಿದ್ದೇವೆ. ಕೊನೆಗೆ ಅದೇ ಭಾಷಣವನ್ನು ಹೆಸರು ಬದಲಿಸಿ ನನಗೂ ಓದಿದರು.

ಕಾರಿನೊಳಗೆ ಕೂತಿದ್ದ ನನ್ನ ಹೆಂಡತಿ ಸರೋಜ ಕಿಟಕಿಯಿಂದ ತಲೆ ಹಾಕಿ, "ನಮ್ಮ ಕಾಲದಾಗೆ ಟೈರಿಗೆ ವಯಸ್ಸು ಯಾರು ನೋಡ್ತಿದ್ರು? ಕಾರೊಳಗೆ ಕುಂತೋರು ಯಾರು ಅಂತ ನೋಡಿ ಟೈರು ಬದಲಾಯಿಸ್ತಿದ್ರು, ಅಲ್ಲೇನ್ರೀ?" ಎಂದು ನಕ್ಕಳು. ಅಂಗಡಿಯವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಚನ್ನಗಿರಿಯಲ್ಲಿ ಕಾರುಗಳನ್ನು ಬೆರಳ ಮೇಲೆ ಎಣಿಸಿಬಿಡಬಹುದಿತ್ತು. ಅವುಗಳಲ್ಲಿ ಓಡುವಂಥವನ್ನು ಎಣಿಸುವುದಾದರೆ ಬೆರಳು ಉಳಿಯುತ್ತಿದ್ದವು. ಅಡಿಕೆ ಮಂಡಿಯ ಮರುಳಪ್ಪ ಸಾಹುಕಾರರದು ಕರಿಯ ಅಂಬಾಸಿಡರ್. ನನ್ನ ಅಪ್ಪ ಹನುಮಂತಪ್ಪ ಆ ಮಂಡಿಯಲ್ಲಿ ಹಮಾಲಿ. ಹನುಮಂತಪ್ಪ ಎಂಬುದು ಓಟಿನ ಪಟ್ಟಿಯಲ್ಲಿದ್ದ ಹೆಸರು. ಮಂಡಿಯಲ್ಲಿ ಅವನು ಬರೀ ಹನುಮ. ಸಾಹುಕಾರರಿಗೆ ಹನುಮ, ಅವರ ಮಗನಿಗೆ ಹನುಮ, ಆಗತಾನೇ ಮಾತು ಕಲಿತ ಮೊಮ್ಮಗನಿಗೂ ಹನುಮ. ಮಾತು ಬಂದಿದ್ದರೆ ಮಂಡಿಯ ಬೆಕ್ಕೂ ಹಾಗೇ ಕರೆಯುತ್ತಿತ್ತೇನೋ.

ಅಡಿಕೆ ವ್ಯಾಪಾರದವರು ಜಗತ್ತಿನಲ್ಲಿ ಯಾವುದನ್ನೂ ಇದ್ದ ಹಾಗೆ ನೋಡುವುದಿಲ್ಲ, ವಿಂಗಡಿಸಿ ನೋಡುತ್ತಾರೆ. ಸರಕು ಎಂದರೆ ಮೇಲ್ತರದ ಅಡಿಕೆ, ಮುಟ್ಟಿದರೆ ಕೈಯೇ ಗೌರವ ಕೊಡುವಂಥದ್ದು. ರಾಶಿ ಎಂದರೆ ನಡುವಿನದು, ದಿನನಿತ್ಯದ ವ್ಯಾಪಾರಕ್ಕೆ. ಗೊರಬಲು ಎಂದರೆ ಎಲ್ಲ ಆರಿಸಿದ ಮೇಲೆ ಉಳಿದದ್ದು, ಮೂಲೆಗೆ ಗುಡಿಸಿ ಇಡುವಂಥದ್ದು. ನಮ್ಮ ಸಾಹುಕಾರರು ಇದೇ ಕಣ್ಣಿನಿಂದ ತಮ್ಮ ಕಾರಿನ ಟೈರುಗಳನ್ನೂ ವಿಂಗಡಿಸಿದ್ದರು. ಗೋಡೌನಿನ ಹಿಂದಿನ ಕೋಣೆಯಲ್ಲಿ ಚಕ್ರದ ಸಮೇತ ನಾಲ್ಕು ನಾಲ್ಕರ ಮೂರು ಜೊತೆ ಟೈರು. ಗೀರು ಆಳವಾಗಿದ್ದು ಕರ್ರಗೆ ಮಿಂಚುವವು ಸರಕು. ಅರ್ಧ ಸವೆದವು ರಾಶಿ. ಗೀರೆಲ್ಲ ಅಳಿಸಿಹೋಗಿ ಹಣೆಬರಹವೂ ಕಾಣದಷ್ಟು ನುಣ್ಣಗಾಗಿ, ಅಲ್ಲಲ್ಲಿ ಒಳಗಿನ ನೂಲು ಇಣುಕುವವು ಗೊರಬಲು.

ಸಾಹುಕಾರರು ಕಾರನ್ನು ಯಾರು ಕೇಳಿದರೂ ಕೊಡುತ್ತಿದ್ದರು. ಇದು ಸುಳ್ಳಲ್ಲ. 'ಮರುಳಪ್ಪನೋರು ಇಲ್ಲ ಅಂದೋರಲ್ಲ' ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳುವುದನ್ನು ಮರೆತರೆ ಸಾಹುಕಾರರೇ ನೆನಪಿಸುತ್ತಿದ್ದರು. ಆದರೆ ಕಾರು ಹೊರಡುವ ಮುಂಚೆ, ಅದರಲ್ಲಿ ಕೂರುವವರು ಯಾರೆಂದು ನೋಡಿ, ಪಡಸಾಲೆಯಿಂದಲೇ ಒಂದು ಮಾತು ಬರುತ್ತಿತ್ತು. "ಹನುಮಾ, ಸರಕು ಹಾಕು." ಅದು ಸ್ವಾಮಿಗಳಿಗೆ, ಮಗಳನ್ನು ಕೊಟ್ಟ ಬೀಗರಿಗೆ, ಜೀಪಿಲ್ಲದೆ ಬಂದ ಸಾಹೇಬರಿಗೆ. "ರಾಶಿ ಹಾಕು." ಅದು ಡಾಕ್ಟರಿಗೆ, ಹೆಡ್‌ಮಾಸ್ಟರಿಗೆ, ಬರೀ ಸೊಸೆಯ ತೌರಿನವರಿಗೆ. "ಗೊರಬಲು ಹಾಕು." ಅದು ಹೆರಿಗೆ ನೋವು ತಿನ್ನುವ ಹೆಂಗಸರನ್ನು ಆಸ್ಪತ್ರೆಗೆ ಸಾಗಿಸುವುದಕ್ಕೆ. ಹೆರಿಗೆಗೆ ಕಾರು ಕೊಟ್ಟರೆ ಪುಣ್ಯ ಬರುತ್ತದೆ. ಪುಣ್ಯಕ್ಕೆ ಗೊರಬಲು ಸಾಕು.

ಹಾಗಾಗಿ ಜಾಕ್ ಕೊಟ್ಟು ಕಾರನ್ನು ಎತ್ತುವುದು, ಚಕ್ರ ಬಿಚ್ಚುವುದು, ಇನ್ನೊಂದು ಜೊತೆ ಉರುಳಿಸಿಕೊಂಡು ಬಂದು ತೊಡಿಸುವುದು ಅಪ್ಪನ ಕೆಲಸವಾಯಿತು. ಮೂಟೆ ಹೊರುವುದಕ್ಕೆ ಕೂಲಿಯಿತ್ತು, ಇದಕ್ಕಿರಲಿಲ್ಲ. ಇದು ಸಾಹುಕಾರರ ಮನೆಯವನೆಂಬ ಪ್ರೀತಿಗೆ. ಪ್ರೀತಿಗೆ ಕೂಲಿ ಕೇಳುವವರು ಉಂಟೇ?

ಚನ್ನಗಿರಿಯ ಜನ ದಡ್ಡರಲ್ಲ. ಕಾರು ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋದರೆ ಒಳಗೆ ಕೂತವರ ಮುಖ ನೋಡುತ್ತಿರಲಿಲ್ಲ, ಬಗ್ಗಿ ಟೈರು ನೋಡುತ್ತಿದ್ದರು. "ಯಾರೋ ಸರಕು ಹೋತು ಕಣೋ." "ಏ ಇಲ್ಲ, ರಾಶಿ." ಒಮ್ಮೆ ಹೊನ್ನಾಳಿಯಿಂದ ಬಂದಿದ್ದ ಬೀಗರೊಬ್ಬರು ಹತ್ತುವ ಮುಂಚೆ ಟೈರಿಗೆ ಹೆಬ್ಬೆರಳು ಒತ್ತಿ ನೋಡಿ, "ಏನ್ರಿ ಮರುಳಪ್ನೋರೆ, ನಮ್ಮನ್ನ ರಾಶಿಗೆ ಹಾಕಿದ್ರಾ?" ಎಂದು ಕೇಳಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋಗಿಬಿಟ್ಟರು. ಮುಂದಿನ ಯುಗಾದಿಗೆ ಅವರನ್ನು ಒಲಿಸಿ ಕರೆತರಲು ಸಾಹುಕಾರರು ಖುದ್ದಾಗಿ ಸರಕಿನ ಮೇಲೆ ಹೋಗಬೇಕಾಯಿತು.

ಆಯುಧಪೂಜೆಯ ದಿನ ಮೂರೂ ಜೊತೆಯನ್ನು ಅಂಗಳಕ್ಕೆ ತರುತ್ತಿದ್ದರು. ಸರಕಿಗೆ ಕುಂಕುಮ, ಚೆಂಡುಹೂವು, ಕುಂಬಳಕಾಯಿ. ರಾಶಿಗೆ ಬರೀ ಕುಂಕುಮ. ಗೊರಬಲು ಇದ್ದ ಕಡೆಗೆ ದೂರದಿಂದಲೇ ನೀರು ಚಿಮುಕಿಸುತ್ತಿದ್ದರು. ನಮ್ಮ ಕೇರಿಯವರಿಗೆ ಆ ದೂರ ಹೊಸದೇನಲ್ಲವಾದ್ದರಿಂದ ನನಗೆ ಗೊರಬಲು ಟೈರಿನ ಮೇಲೆ ಒಂಥರಾ ನೆಂಟರ ಅಭಿಮಾನ ಹುಟ್ಟಿತ್ತು.

ಅಭಿಮಾನಕ್ಕೆ ಇನ್ನೊಂದು ಕಾರಣವೂ ಉಂಟು. ಗೊರಬಲೂ ಆಗಲಾರದಷ್ಟು ಕೆಟ್ಟ ಟೈರು ಕಡೆಗೆ ಅಪ್ಪನಿಗೆ ಸಿಗುತ್ತಿತ್ತು. ಅದರಲ್ಲಿ ಚಪ್ಪಲಿ ಕೊಯ್ಸುತ್ತಿದ್ದ. ಕಾಲೇಜಿಗೆ ಸೇರಿದಾಗ ನಾನು ಮೆಟ್ಟಿಕೊಂಡು ಹೋದದ್ದು ಅದನ್ನೇ. ಹಾಸ್ಟೆಲಿನಲ್ಲಿ ಗೆಳೆಯರು "ಏನೋ, ಇವತ್ತು ಗಾಳಿ ಹೊಡಿಸಿದ್ಯಾ?" ಎಂದು ಕೇಳುತ್ತಿದ್ದರು. ಎಡಗಾಲು ಮುಂದಿನ ಟೈರಿನದು, ಬಲಗಾಲು ಹಿಂದಿನದು. ನಡೆದರೆ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ನಾನು ಬಿ.ಎ. ಮುಗಿಸಿದ್ದು ಆ ಚಪ್ಪಲಿಯಲ್ಲೇ. ಸಾಹುಕಾರರ ಕಿರಿಯ ಮಗ ಪಿ.ಯು.ಸಿ.ಯನ್ನು ದಂಡಯಾತ್ರೆಯ ಹಾಗೆ ಮತ್ತೆ ಮತ್ತೆ ಮಾಡಿ, ಕೋಟೆ ಬೀಳದೆ ವಾಪಸು ಬಂದಿದ್ದ. ಅಂತೂ ಆ ಮನೆಯಿಂದ ಡಿಗ್ರಿ ತರಗತಿಯ ಒಳಗೆ ಕಾಲಿಟ್ಟಿದ್ದು ಟೈರೊಂದೇ. ಇದನ್ನು ನಾನು ಯಾರ ಮುಂದೂ ಮುಚ್ಚಿಟ್ಟಿಲ್ಲ. ನಮ್ಮ ಕೇರಿಗೆ ನಾನೇ ಮೊದಲ ಬಿ.ಎ. ಹಾಗೆ ಹೇಳಿಕೊಳ್ಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ ಬಿಡಿ, ಯಾರ ಗಾಳಿಯನ್ನೂ ಸಾಲ ತಂದು ತುಂಬಿದ್ದಲ್ಲ.

ಬಿ.ಎ. ಆಗಿ, ಗುಮಾಸ್ತನ ಕೆಲಸವೂ ಸಿಕ್ಕ ಮೇಲೆ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ತಿಪ್ಪೇಸ್ವಾಮಿ ಮೇಷ್ಟ್ರು. ನಮ್ಮವರೇ ಆದರೂ ಮನೆಯಲ್ಲಿ ಕುರ್ಚಿ ಇದ್ದವರು. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು; ಹಾಗಾಗಿ ಹೆಣ್ಣು ನೋಡಲು ಹೊರಡಬೇಕಾದವರು ಅಪ್ಪ, ನಾನು ಮತ್ತು ಅವ್ವನ ತಮ್ಮ ದುರುಗಪ್ಪ ಮಾವ. "ಬಸ್ಸಿಗೆ ಹೋಗಾನ" ಎಂದೆ. ಅಪ್ಪ ಒಪ್ಪಲಿಲ್ಲ.

"ಕುರ್ಚಿ ಇರೋರ ಮನೆಗೆ ಬಸ್ಸಿನಾಗೆ ಹೋಗಾಕೆ ಆಗ್ತೈತೇನೋ? ಸಾವ್ಕಾರ್ರನ್ನ ಕೇಳ್ತೀನಿ. ಅವರು ಇಲ್ಲ ಅಂದೋರಲ್ಲ."

ಅವರು ಇಲ್ಲ ಅನ್ನಲೂ ಇಲ್ಲ. ಹೊರಡುವ ಬೆಳಿಗ್ಗೆ ನಾನು ಹೊಸ ಟೆರಿಲಿನ್ ಅಂಗಿ ತೊಟ್ಟು, ತಲೆಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿಕೊಂಡು ಮಂಡಿಯ ಅಂಗಳಕ್ಕೆ ಹೋದರೆ ಅಪ್ಪ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಗೆದ ಪಂಚೆ, ತಲೆಗೆ ರುಮಾಲು. ಅವನ ಒಂದು ಕೈ ಸರಕು ಟೈರಿನ ಮೇಲಿತ್ತು. ಎತ್ತಿಕೊಂಡಿರಲಿಲ್ಲ, ಸುಮ್ಮನೆ ಇಟ್ಟಿದ್ದ. ದೇವರ ಮುಂದೆ ಪ್ರಸಾದ ಕೇಳುವ ಹಾಗೆ.

ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಸಾಹುಕಾರರು ತಲೆಯೆತ್ತದೆ, "ಏನಲೇ ಹನುಮಾ, ಯೋಚ್ನೆ ಮಾಡಾಕೆ ಹತ್ತೀಯಾ? ಗೊರಬಲು ಹಾಕು. ಜಗಳೂರು ದಾರಿ ಅಂದ್ರೆ ಬರೀ ಜಾಲಿಮುಳ್ಳು," ಎಂದರು.

"ಆಗ್ಲಿ ಸಾವ್ಕಾರ್ರೆ."

ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಅಳಿಯಂದ್ರು ಮೊನ್ನೆ ಅದೇ ದಾರ್ಯಾಗೆ ಸರಕಿನ ಮ್ಯಾಲೆ ಹೋದ್ರಲ್ಲ, ಆವತ್ತು ಮುಳ್ಳು ರಜಾ ಹಾಕಿದ್ವಾ?"

ಸಾಹುಕಾರರು ನಕ್ಕರು. ಕೋಪ ಬಂದಾಗಲೂ ನಗುವುದು ವ್ಯಾಪಾರಸ್ಥರ ಗುಣ. "ನೋಡಿದ್ಯೇನೋ ಹನುಮಾ, ಓದಿಸಿದ್ದು ತಪ್ಪಾತು." ಓದಿಸಿದವರು ಅವರಲ್ಲ. ಆದರೂ ಊರಿನಲ್ಲಿ ಯಾರು ಓದಿದರೂ ಅದು ತಮ್ಮಿಂದಲೇ ಎಂಬ ನಂಬಿಕೆ ಅವರ ಮನೆತನದ ಆಸ್ತಿಪಾಸ್ತಿಯ ಜೊತೆಗೇ ಬಂದಿತ್ತು.

ಅಪ್ಪ ನನ್ನ ಕಡೆ ಕಣ್ಣು ಬಿಟ್ಟು ಸುಮ್ಮನಿರಿಸಿ, ಗೊರಬಲನ್ನು ಉರುಳಿಸಿಕೊಂಡು ಬಂದ. ಮಗನ ಹೆಣ್ಣು ನೋಡುವ ಕಾರಿಗೆ ತನ್ನ ಕೈಯಾರೆ ಅದನ್ನು ತೊಡಿಸಿದ. ಕೊನೆಯ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಾ, ನೆಲಕ್ಕೆ ಹೇಳುವವನಂತೆ ಅಂದ: "ಇಷ್ಟು ವರ್ಷ ಎಲ್ಲರಿಗೂ ನಾನೇ ತೊಡಿಸೀನಿ. ಒಂದೇ ಒಂದು ಸಲ ಸರಕಿನ ಮ್ಯಾಲೆ ಕುಂತು ಹೋಗಬೇಕಿತ್ತು ಕಣೋ."

ಅಷ್ಟೇ. ಅವನು ಜೀವಮಾನದಲ್ಲಿ ನನ್ನ ಮುಂದೆ ಬಾಯಿಬಿಟ್ಟು ಹೇಳಿದ ಆಸೆ ಅದೊಂದೇ. ಕೈ ತೊಳೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ, ಸೀಟಿಗೆ ಪೂರ್ತಿ ಭಾರ ಬಿಡದೆ, ತುದಿಯಲ್ಲಿ ಕೂತ.

"ಮೂರು ಜನ ಶುಭಕ್ಕೆ ಹೋಗಬಾರದು" ಎಂದು ಯಾರೋ ಅಂದರು. ದುರುಗಪ್ಪ ಮಾವ, "ಡ್ರೈವರ್ ಹಾಲೇಶಪ್ಪ ಸೇರಿ ನಾಲ್ಕು. ಟೈರು ಸೇರಿದ್ರೆ ಎಂಟು. ಅದ್ರಾಗೆ ಎಷ್ಟು ವಾಪಸ್ ಬರ್ತಾವೋ ದೇವರೇ ಬಲ್ಲ," ಎಂದ. ಮಾವನ ನಾಲಿಗೆಯ ಮೇಲೆ ಮಚ್ಚೆಯಿತ್ತೆಂದು ಅವ್ವ ಹೇಳುತ್ತಿದ್ದಳು.

ಸಂತೆಬೆನ್ನೂರು ದಾಟುವ ತನಕ ಏನೂ ಆಗಲಿಲ್ಲ. ದಾವಣಗೆರೆಗೆ ಮುಂಚೆ ಒಂದು ಟೈರು ಮೆಲ್ಲಗೆ ಉಸಿರು ಬಿಟ್ಟಿತು. ಡಿಕ್ಕಿಯಿಂದ ಸ್ಟೆಪ್ನಿ ತೆಗೆದು ನೋಡಿದರೆ ಅದು ಗೊರಬಲಿನಲ್ಲೇ ಗೊರಬಲು. ಹಾಲೇಶಪ್ಪ ಅದನ್ನೇ ತೊಡಿಸಿ, ತಾನು ಲಾರಿ ಓಡಿಸುತ್ತಿದ್ದ ಕಾಲದ ಪರಾಕ್ರಮಗಳನ್ನು ಹೇಳುತ್ತಾ ಕಾರು ಬಿಟ್ಟ. ಅವನ ಕಥೆಗಳಲ್ಲಿ ಲಾರಿಗೆ ಚಕ್ರವೇ ಬೇಕಿರಲಿಲ್ಲ, ಅವನೊಬ್ಬನಿದ್ದರೆ ಸಾಕಿತ್ತು. ಜಗಳೂರು ಇನ್ನೇನು ಬಂತು ಅನ್ನುವಾಗ ಢಮಾರೆಂದಿತು. ದುರುಗಪ್ಪ ಮಾವ ಗುಂಡು ಹಾರಿತೆಂದು ಸೀಟಿನ ಕೆಳಗೆ ಜಾರಿದ. ಇಳಿದು ನೋಡಿದರೆ ಅದೇ ಸ್ಟೆಪ್ನಿ ಟೈರು ಅಂಗೈಯುದ್ದ ಸೀಳಿ, ಒಳಗಿನ ಟ್ಯೂಬು ಹರಿದ ಬನಿಯನ್ನಿನ ಹಾಗೆ ಹೊರಗೆ ನೇತಾಡುತ್ತಿತ್ತು.

ಸುತ್ತ ಬಯಲು. ನೆರಳಿಗೆ ಜಾಲಿಗಿಡ. ಪಕ್ಕದ ಹೊಲದಲ್ಲಿ ಶೇಂಗಾ ಕಿತ್ತು, ಕಾಯಿ ಬಿಡಿಸಿ, ಬಳ್ಳಿಯನ್ನು ಬಣವೆ ಹಾಕಿದ್ದರು. ಹಾಲೇಶಪ್ಪನ ಕಣ್ಣು ಅದರ ಮೇಲೆ ಬಿತ್ತು.

"ಇದಕ್ಯಾಕೆ ಚಿಂತಿ? ಬಳ್ಳಿ ತುಂಬಾನ. ಲಾರಿಗೆ ಭತ್ತದ ಹುಲ್ಲು ತುರುಕಿ ಚಿತ್ರದುರ್ಗ ಮುಟ್ಟಿಸಿದೋನು ನಾನು."

ಹೊಲದವನು ಒಳ್ಳೆಯವನು, "ತಗಳ್ರಿ, ಎಷ್ಟು ಬೇಕೋ ಅಷ್ಟು ತಗಳ್ರಿ. ಕಾರಿಗೆ ಮೇವು ಹಾಕೋದು ನಾನೂ ನೋಡಿರ್ಲಿಲ್ಲ," ಎಂದು ನಗುತ್ತಾ ತಂದುಕೊಟ್ಟ. ಬಿ.ಎ. ಪದವೀಧರನಾದ ನಾನೂ, ಸೋದರಮಾವನೂ ಟೆರಿಲಿನ್ ತೋಳು ಮಡಿಸಿ ಟೈರಿನೊಳಗೆ ಶೇಂಗಾ ಬಳ್ಳಿಯನ್ನು ಗಿಡಿದೆವು. ಅಪ್ಪ ಮರದ ಗೂಟದಿಂದ ಜಡಿದ. ಮೂಟೆ ತುಂಬಿ ಪಳಗಿದ ಕೈ. ಟೈರು ಗಾಳಿಯಿದ್ದಾಗ ಇದ್ದುದಕ್ಕಿಂತ ಗಟ್ಟಿಯಾಯಿತು. ಸೀಳಿನಿಂದ ಮಾತ್ರ ಬಳ್ಳಿ ಗಡ್ಡದ ಹಾಗೆ ಹೊರಗೆ ಇಳಿಬಿದ್ದಿತ್ತು.

ಹೀಗೆ ನಾವು ಎತ್ತಿನ ಗಾಡಿಗಿಂತ ಸ್ವಲ್ಪ ನಿಧಾನವಾಗಿ, ಕುರ್ಚಿ ಇದ್ದವರ ಮನೆಗೆ ಕಾರಿನಲ್ಲಿ ಬಂದು ಇಳಿದೆವು. ಕೇರಿಯ ಮಕ್ಕಳೆಲ್ಲ ಓಡಿ ಬಂದರು. ತಿಪ್ಪೇಸ್ವಾಮಿ ಮೇಷ್ಟ್ರು ಬಾಗಿಲಿಗೆ ಬಂದು ಕೈ ಮುಗಿದು, "ಬರ್ರಿ ಹನುಮಂತಪ್ನೋರೆ, ಬರ್ರಿ," ಎಂದರು. ಅಪ್ಪ ಹಿಂದಕ್ಕೆ ತಿರುಗಿ ನೋಡಿದ. ತನ್ನ ಹಿಂದೆ ಯಾರೋ ಹನುಮಂತಪ್ಪನೋರು ನಿಂತಿರಬೇಕೆಂದುಕೊಂಡನೇನೋ.

ಒಳಗೆ ಕುರ್ಚಿಯಲ್ಲಿ ಕೂತೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಮೇಷ್ಟ್ರು ನನ್ನನ್ನು ಬಿ.ಎ.ಗೆ ಯಾವ ವಿಷಯ, ಮುಂದೆ ಯಾವ ಪರೀಕ್ಷೆ ಎಂದೆಲ್ಲ ಕೇಳುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಅರ್ಥಶಾಸ್ತ್ರದ ಬಗ್ಗೆ ಏನೋ ಹೇಳತೊಡಗಿದ್ದೆ. ಅಷ್ಟರಲ್ಲಿ ನಡುಮನೆಯ ಕಿಟಕಿಯ ಹತ್ತಿರ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಮುಚ್ಚಿಕೊಳ್ಳದೆಯೇ ನಕ್ಕಳು. ಒಳಗಿನಿಂದ ಒಂದು ಮುದುಕಿಯ ದನಿ, "ಏ ಸರೋಜಿ, ನಿನ್ನ ನೋಡಾಕೆ ಬಂದಾರೆ ಕಣೇ, ನೀನೇನು ನೋಡ್ತೀಯಾ?" ಎಂದು ಗದರಿತು.

"ಅಜ್ಜೀ, ನಮ್ಮ ಎಮ್ಮೆ ಅವರ ಕಾರು ತಿನ್ನಾಕೆ ಹತ್ತೈತೆ!"

ಎಲ್ಲರೂ ಹೊರಗೆ ಬಂದೆವು. ಮೇಷ್ಟ್ರ ಎಮ್ಮೆ ಗೂಟ ಕಿತ್ತುಕೊಂಡು ಬಂದು, ಟೈರಿನ ಸೀಳಿಗೆ ಮೂತಿಯಿಟ್ಟು, ನಾವು ಅಷ್ಟು ಕಷ್ಟಪಟ್ಟು ಗಿಡಿದ ಬಳ್ಳಿಯನ್ನು ಎಳೆಎಳೆಯಾಗಿ ಜಗ್ಗಿ, ಕಣ್ಣು ಅರ್ಧ ಮುಚ್ಚಿ ಮೆಲ್ಲುತ್ತಿತ್ತು. ಅದು ಜಗ್ಗಿದಂತೆಲ್ಲ ಕಾರು ಒಂದು ಮಗ್ಗುಲಿಗೆ ವಾಲುತ್ತಿತ್ತು. ಹಾಲೇಶಪ್ಪ "ಹೈ ಹೈ" ಎಂದು ಟವೆಲ್ ಬೀಸುತ್ತಿದ್ದ. ಎಮ್ಮೆ ಅವನನ್ನು ಲಾರಿ ಓಡಿಸಿದವನೆಂದು ಲೆಕ್ಕಿಸಲೇ ಇಲ್ಲ.

ಮೇಷ್ಟ್ರು ಬಗ್ಗಿ ಆ ಟೈರು ನೋಡಿದರು. ಬೋಳು ತಲೆಯಂತೆ ನುಣುಪಾಗಿದ್ದ ಉಳಿದ ಮೂರನ್ನೂ ನೋಡಿದರು. "ಕಾರು ಯಾರದು ಹನುಮಂತಪ್ನೋರೆ?"

"ನಮ್ಮ ಸಾವ್ಕಾರ್ರದು. ನಮ್ಮ ಮ್ಯಾಲೆ ಭಾಳ ಪ್ರೀತಿ ಅವರಿಗೆ, ಕಳಿಸಿಕೊಟ್ಟಾರೆ."

"ಹೂಂ. ಪ್ರೀತಿ ನೂಲು ಕಾಣೋ ತನಕ ಸವೆದೈತೆ ಬಿಡ್ರಿ."

ಅಪ್ಪನ ಮುಖ ಸಣ್ಣದಾಯಿತು. ಅದನ್ನು ಕಂಡು ಮೇಷ್ಟ್ರಿಗೂ ಪಿಚ್ಚೆನಿಸಿರಬೇಕು. ಅಪ್ಪನ ತೋಳು ಹಿಡಿದು, "ಆಗ್ಲಿ, ಒಳಗೆ ಬರ್ರಿ. ನಮ್ಮ ಎಮ್ಮೆಗಂತೂ ನಿಮ್ಮ ಸಂಬಂಧ ಹಿಡಿಸೈತೆ. ಮಗಳನ್ನೂ ಒಂದು ಮಾತು ಕೇಳಾನ," ಎಂದರು.

ಮಗಳು ಒಪ್ಪಿದಳು. ಯಾಕೆ ಒಪ್ಪಿದಳೆಂದು ಮದುವೆಯಾದ ಮೇಲೆ ಕೇಳಿದೆ. "ಅಷ್ಟು ನಕ್ಕ ಮ್ಯಾಲೆ ಬ್ಯಾಡ ಅಂದ್ರೆ ಚೆಂದಾಗಿರ್ತಿತ್ತೇನ್ರೀ?" ಎಂದಳು. ಇಷ್ಟು ವರ್ಷವಾದರೂ ಅದಕ್ಕಿಂತ ಒಳ್ಳೆಯ ಕಾರಣವನ್ನು ಅವಳಿಂದ ಹೊರಡಿಸಲು ನನ್ನಿಂದಾಗಿಲ್ಲ.

ನಾವು ಮೂವರೂ ಬಸ್ಸಿನಲ್ಲಿ ವಾಪಸು ಬಂದೆವು. ಕಾರು, ಹಾಲೇಶಪ್ಪ ಮತ್ತು ಎಮ್ಮೆ ಜಗಳೂರಿನಲ್ಲೇ ಉಳಿದರು. ಮಾರನೆಯ ದಿನ ಸಾಹುಕಾರರು ಸಂಬಂಧ ಕುದುರಿತೇ ಎಂದು ಕೇಳಲಿಲ್ಲ. ಯಾರಿಗಾದರೂ ಪೆಟ್ಟಾಯಿತೇ ಎಂದೂ ಕೇಳಲಿಲ್ಲ. ಮಂಡಿ ತುಂಬ ಜನ ಇರುವ ಹೊತ್ತು ನೋಡಿ, "ಗೊರಬಲನ್ನೂ ಎಮ್ಮೆಗೆ ತಿನ್ಸಿ ಬಂದಾನಲ್ರಪ್ಪಾ ನಮ್ಮ ಹನುಮ!" ಎಂದರು. ನಗು ತೂಕದ ತಟ್ಟೆಯಿಂದ ಅಡಿಕೆ ಚೆಲ್ಲಿದ ಹಾಗೆ ಚೆಲ್ಲಿತು. ಅಪ್ಪನೂ ನಕ್ಕ. ನಗದಿದ್ದರೆ ಮರುದಿನದ ಮೂಟೆ ಯಾರು ಕೊಡುತ್ತಾರೆ? ಮದುವೆಗೆ ಸಾಹುಕಾರರು ಬರಲಿಲ್ಲ, ಉಡುಗೊರೆ ಕಳಿಸಿದರು. ಆ ಸೀಳಿದ ಟೈರು. ಚಪ್ಪಲಿ ಕೊಯ್ಸಿಕೊಳ್ಳಲಿ ಎಂದು ಹೇಳಿ ಕಳಿಸಿದ್ದರು. ಅಪ್ಪ ಕೊಯ್ಸಿಕೊಂಡ.

ಗುಮಾಸ್ತಿಕೆಯಲ್ಲಿ ಹಗಲೂ, ಪರೀಕ್ಷೆಯ ಓದಿನಲ್ಲಿ ಬೆಳಗಿನ ಜಾವವೂ ಕಳೆದು ನಾನು ಎಂಬತ್ತರ ದಶಕದ ನಡುವೆ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆದೆ. ಅಂಗಡಿ, ಮಂಡಿಗಳ ತಕ್ಕಡಿ ಮತ್ತು ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ. ಹೊನ್ನಾಳಿಯಲ್ಲಿ ಮನೆ, ಚನ್ನಗಿರಿಯೂ ನನ್ನ ವ್ಯಾಪ್ತಿಗೆ ಸೇರಿತ್ತು. ಅಪ್ಪನಿಗೆ ಬೆನ್ನು ಬಗ್ಗಿತ್ತು. ಮೂಟೆ ಬಿಡಿಸಿ ನಮ್ಮಲ್ಲಿಗೆ ಕರೆತಂದಿದ್ದೆ. ಜನ್ಮವಿಡೀ ಮನುಷ್ಯರನ್ನು ಟೈರಿನಲ್ಲಿ ತೂಗಿದವರ ಬಟ್ಟನ್ನು ತೂಗುವ ಸರದಿ ನನ್ನದಾಯಿತು. ದೇವರಿಗೂ ಒಮ್ಮೊಮ್ಮೆ ಲಲಿತ ಪ್ರಬಂಧ ಬರೆಯುವ ಮನಸ್ಸಾಗುತ್ತದೆ.

ನಾನು ಮಂಡಿಯ ತಪಾಸಣೆಗೆ ಬರುತ್ತೇನೆಂಬ ಸುದ್ದಿ ಹೋದ ಕೂಡಲೇ ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕರಿಯ ಅಂಬಾಸಿಡರ್ ಹೊನ್ನಾಳಿಯ ನಮ್ಮ ಮನೆಯ ಮುಂದೆ ನಿಂತಿತು. ಹಾಲೇಶಪ್ಪ ಇಳಿದ. ಅವನ ಕೂದಲು ಬೆಳ್ಳಗಾಗಿತ್ತು, ಕಾರಿನದು ಕರ್ರಗೇ ಇತ್ತು. "ಸಾವ್ಕಾರ್ರು ಮನೇಲಿ ಪೂಜೆ ಇಟ್ಕಂಡಾರೆ. ಸಾಹೇಬ್ರನ್ನ ಕುಟುಂಬ ಸಮೇತ ಕರ್ಕಂಬಾ ಅಂದಾರೆ," ಎಂದ. ಸಾಹೇಬರೆಂದರೆ ನಾನು. ಸ್ವಲ್ಪ ಹೊತ್ತು ನನಗೂ ಹಿಂದೆ ತಿರುಗಿ ನೋಡುವಂತಾಯಿತು.

ಅಷ್ಟರಲ್ಲಿ ಅಪ್ಪ ಹೊರಗೆ ಬಂದ. ಯಾರನ್ನೂ ಮಾತನಾಡಿಸಲಿಲ್ಲ. ನೇರ ಕಾರಿನ ಹತ್ತಿರ ಹೋಗಿ, ಸೊಂಟ ಹಿಡಿದುಕೊಂಡು ಕುಕ್ಕರಿಸಿ, ಟೈರಿನ ಗೀರಿನೊಳಗೆ ಹೆಬ್ಬೆರಳಿಟ್ಟ. ಬೆರಳು ಒಳಗೆ ಹೋಯಿತು. ನಾಲ್ಕು ಟೈರನ್ನೂ ಹಾಗೇ ಮುಟ್ಟಿ ನೋಡಿ ಬಂದು ನನ್ನ ಮುಂದೆ ನಿಂತ. ಕಣ್ಣು ಮಿನುಗುತ್ತಿದ್ದವು.

"ಸರಕು ಹಾಕ್ಯಾರೆ ಕಣೋ. ನಿಂಗೆ ಸರಕು."

"ನಂಗಲ್ಲಪ್ಪ, ಅವರ ತಕ್ಕಡಿಗೆ," ಎಂದೆ. "ತಪಾಸಣೆಗೆ ಹೋಗೋನು ಅವರ ಕಾರಿನಾಗೆ ಹೋಗಾಕೆ ಬರಲ್ಲ. ಹಾಲೇಶಪ್ಪ, ಊಟ ಮಾಡ್ಕಂಡು ವಾಪಸ್ ತಗಂಡು ಹೋಗು."

"ಏ, ಇರೋ," ಎಂದ ಅಪ್ಪ. ಅವನ ದನಿ ಹಾಗೆ ಗಟ್ಟಿಯಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ನೀನು ಹತ್ತಬ್ಯಾಡ. ನೀನು ಹತ್ತಿದ್ರೆ ಲಂಚ. ನಾನು ಯಾವ ಇನ್ಸ್‌ಪೆಕ್ಟ್ರು? ನಾನು ಹತ್ತಿದ್ರೆ ಹಳೇ ಹಮಾಲಿ, ಬಾಕಿ ಕೂಲಿ ತಗಂಡಂಗೆ."

ಸರೋಜ ನನ್ನ ಅಂಗಿಯ ತುದಿ ಜಗ್ಗಿದಳು. "ಹೋಗ್ಲಿ ಬಿಡ್ರಿ," ಎಂದಳು ಮೆಲ್ಲಗೆ. ಸರ್ಕಾರಿ ನಿಯಮಗಳಲ್ಲಿ ಇಂಥದ್ದಕ್ಕೆ ಏನಿದೆಯೋ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ.

ಅಪ್ಪ ರುಮಾಲು ಸುತ್ತಿಕೊಂಡ. ಗೊರಬಲಿನ ಚಪ್ಪಲಿ ಮೆಟ್ಟಿಕೊಂಡ. ಹಿಂದಿನ ಬಾಗಿಲನ್ನು ಹಾಲೇಶಪ್ಪ ತೆಗೆಯಲಿ ಎಂದು ಕಾದು, ತೆಗೆದ ಮೇಲೆ ಹತ್ತಿ, ಸೀಟಿನ ನಟ್ಟನಡುವೆ ಬೆನ್ನು ಆನಿಸಿ, ಭಾರವನ್ನೆಲ್ಲ ಬಿಟ್ಟು ಕೂತ.

"ಎಲ್ಲಿಗೆ ಹನುಮಂತಣ್ಣಾ? ಚನ್ನಗಿರಿಗಾ?" ಹಾಲೇಶಪ್ಪ ಕೇಳಿದ.

"ಅಲ್ಲಿಗ್ಯಾಕೆ? ನ್ಯಾಮತಿ ಕಡೆ ಬಿಡು."

ಕಾರು ಹೋದದ್ದು ಮಧ್ಯಾಹ್ನ. ಹೊತ್ತು ಮುಳುಗುವ ತನಕ ಬರಲಿಲ್ಲ. ನಾನು ಬಾಗಿಲಿಗೂ ಬೀದಿಗೂ ಅಲೆದಾಡಿದೆ. ಕೊನೆಗೆ ಬಂತು. ಕರಿಯ ಕಾರು ಕೆಂಪಗಾಗಿತ್ತು. ಹಾಲೇಶಪ್ಪ ಇಳಿದವನೇ ತಲೆಯ ಮೇಲೆ ಕೈ ಹೊತ್ತು ಕೂತ.

"ಏನಾತೋ?"

"ಏನು ಹೇಳ್ಲಿ ಸಾಹೇಬ್ರೆ? ಒಳ್ಳೆ ಟಾರು ರಸ್ತೆ ಐತೆ, ಅದ್ರಾಗೆ ಬ್ಯಾಡ ಅಂತಾರೆ. ಸೂರಗೊಂಡನಕೊಪ್ಪದ ಕಡೆ ಹೊಸ ರಸ್ತೆಗೆ ದಪ್ಪ ಜಲ್ಲಿ ಸುರುವ್ಯಾರೆ ನೋಡ್ರಿ, ಇನ್ನೂ ರೋಲರ್ ಹಾಯ್ಸಿಲ್ಲ. ಅದರ ಮ್ಯಾಲೇ ಹೊಡಿ ಅಂದ್ರು. ಹೋದೆ. ತಿರುಗ್ಸು ಅಂದ್ರು, ತಿರುಗ್ಸಿದೆ. ಮತ್ತೆ ಹೊಡಿ ಅಂದ್ರು. ಜಲ್ಲಿ ಮುಗುದ್ರೆ ಜಾಲಿಗಿಡದ ಬದಿಗೆ ಇಳಿಸು ಅಂತಾರೆ. ಯಾಕಣ್ಣಾ ಅಂದ್ರೆ, ಸವೀಲಿ ಅಂತಾರೆ! ಒಂದೇ ಮಾತು, ಸವೀಲಿ. ಟೈರು ನೋಡ್ರಿ, ಇಲಿ ಕಡದಂಗೆ ಆಗ್ಯಾವೆ. ಸಾವ್ಕಾರ್ರಿಗೆ ನಾನೇನು ಹೇಳ್ಲಿ?"

ಒಂದು ಮಧ್ಯಾಹ್ನದ ಓಟಕ್ಕೆ ಸರಕು ಗೊರಬಲಾಗುವುದಿಲ್ಲ, ಅದು ನನಗೂ ಗೊತ್ತು, ಟೈರು ತೊಡಿಸಿಯೇ ಮುದುಕನಾದ ಅಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೆ ನಾಲ್ಕೂ ಟೈರಿನ ಮೈಮೇಲೆ ಕಚ್ಚು ಬಿದ್ದಿದ್ದವು. ಒಂದರ ಪಕ್ಕೆಯಲ್ಲಿ ಬಿಳಿಯ ನೂಲು ಸಣ್ಣಗೆ ಇಣುಕುತ್ತಿತ್ತು.

ಅಪ್ಪ ಅವಸರವಿಲ್ಲದೆ ಇಳಿದ. ರುಮಾಲಿನ ಧೂಳು ಕೊಡವಿದ. ಸೋತುಹೋದ ಹಾಲೇಶಪ್ಪನ ಹೆಗಲ ಮೇಲೆ ಕೈಯಿಟ್ಟು ಅಂದ:

"ಇದ್ದದ್ದು ಹೇಳು. ಟೈರು ಬದಲಾಯಿಸೋ ಹೊತ್ತಾತು ಅಂತ ಹೇಳು."

"ಯಾರು ಹೇಳಿದ್ರು ಅಂದ್ರೆ? ಹನುಮ ಹೇಳ್ದ ಅನ್ಲಾ?"

ಅಪ್ಪ ಮೆಟ್ಟಿಲ ಮೇಲೆ ನಿಂತು, ಚಪ್ಪಲಿ ಬಿಟ್ಟು, ತಿರುಗಿ ನೋಡಿದ.

"ಹನುಮಂತಪ್ನೋರು ಹೇಳಿದ್ರು ಅನ್ನು."